ಸರಪಳಿಯಿಂದ ಉಪಗ್ರಹದವರೆಗೆ: ಶಿರಸಿ–ಸಿದ್ದಾಪುರ ಸೀಮೆಯಲ್ಲಿ ಸ್ಥಾನಸೂಚಿ ಸೇವೆಗಳ ಹಿನ್ನೆಲೆ

ಬಳಕೆದಾರನು ಭೂಮಿಯ ಮೇಲೆ ಎಲ್ಲಿ ನಿಂತಿದ್ದಾನೆ ಎಂಬುದನ್ನು ತಾನಾಗಿ ತಿಳಿದುಕೊಂಡು, ಆ ಜಾಗಕ್ಕೆ ತಕ್ಕ ಮಾಹಿತಿಯನ್ನೋ ಸೌಲಭ್ಯವನ್ನೋ ಒದಗಿಸುವ ಅಂಕೀಯ ವ್ಯವಸ್ಥೆಗಳನ್ನು ಸ್ಥಾನಸೂಚಿ ಸೇವೆಗಳೆಂದು ಕರೆಯಲಾಗುತ್ತದೆ. ಯಾರೂ ಕೇಳದೆಯೇ ಸುತ್ತಲಿನ ಪರಿಸರವನ್ನು ಗಮನಿಸುತ್ತ, ಅಳೆಯುತ್ತ, ಅದರ ಆಧಾರದ ಮೇಲೆ ನಿರ್ಧಾರ ಕೈಗೊಳ್ಳುವ ಯಂತ್ರಗಳ ಜಾಲಕ್ಕೆ ಪರಿಸರಸ್ಥ ಬುದ್ಧಿಮತ್ತೆ ಎಂಬ ಹೆಸರಿದೆ. ಇವುಗಳ ಇತಿಹಾಸವನ್ನು ಸಾಮಾನ್ಯವಾಗಿ ಅಮೆರಿಕ ಮತ್ತು ಯುರೋಪಿನ ಪ್ರಯೋಗಾಲಯಗಳಿಂದ ಆರಂಭಿಸುವುದು ರೂಢಿ. ಆದರೆ ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ, ಸಿದ್ದಾಪುರ ಸೀಮೆಯ ಹೇರೂರಿನಂತಹ ಅಡಿಕೆಯ ಊರುಗಳಲ್ಲಿ, ಇಂದು ಮೊಬೈಲಿನ ಪರದೆಯ ಮೇಲೆ ಕಾಣಿಸುವ ಗೆರೆಗಳ ಪೈಕಿ ಹೆಚ್ಚಿನವು ಪ್ರಯೋಗಾಲಯದಲ್ಲಿ ಹುಟ್ಟಿದವಲ್ಲ. ಅವು ಹತ್ತೊಂಬತ್ತನೆಯ ಶತಮಾನದ ಮೋಜಣಿದಾರರು ಸರಪಳಿ ಎಳೆದು ಕಾಗದಕ್ಕಿಳಿಸಿದ ಗೆರೆಗಳು. ಉಪಗ್ರಹವು ಮನುಷ್ಯನು ನಿಂತ ಬಿಂದುವನ್ನು ಮಾತ್ರ ಹೇಳಬಲ್ಲದು. ಆ ಬಿಂದುವು ತೋಟವೋ, ಬೆಟ್ಟವೋ, ಅರಣ್ಯವೋ ಎಂಬುದನ್ನು ಹೇಳುವುದು ಹಳೆಯ ದಾಖಲೆ.

ಪ್ರಯೋಗಾಲಯಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಗಣಕಯಂತ್ರವು ಮೇಜಿನಿಂದ ಮಾಯವಾಗಿ ದಿನಬಳಕೆಯ ವಸ್ತುಗಳೊಳಗೆ ಅಡಗಿಕೊಳ್ಳಬೇಕೆಂಬ ವಿಚಾರವನ್ನು ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದ ಮಾರ್ಕ್ ವೈಸರ್ 1988ರ ಸುಮಾರಿಗೆ ಮುಂದಿಟ್ಟರು, 1991ರ ಲೇಖನವೊಂದರಲ್ಲಿ ಅದನ್ನು ವಿಸ್ತರಿಸಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಪ್ರಯೋಗಾಲಯದಲ್ಲಿ ರಾಯ್ ವಾಂಟ್, ಆಂಡಿ ಹಾಪರ್ ಮತ್ತು ಸಂಗಡಿಗರು ರೂಪಿಸಿದ ಸಕ್ರಿಯ ಬಿಲ್ಲೆಯು, ಅದನ್ನು ಧರಿಸಿದವರು ಯಾವ ಕೋಣೆಯಲ್ಲಿದ್ದಾರೆಂಬುದನ್ನು ಅವಕೆಂಪು ಕಿರಣದ ಮೂಲಕ 15 ಸೆಕೆಂಡುಗಳಿಗೊಮ್ಮೆ ಸಾರುತ್ತಿತ್ತು. ಆ ಸಂಶೋಧನೆ 1992ರಲ್ಲಿ ಪ್ರಕಟವಾಯಿತು. 2001ರಲ್ಲಿ ಯುರೋಪಿಯನ್ ಆಯೋಗದ ಸಲಹಾ ಮಂಡಳಿಯೊಂದು 2010ನೆಯ ಇಸವಿಯ ಬದುಕು ಹೇಗಿರಬಹುದೆಂದು ನಾಲ್ಕು ಕಲ್ಪಿತ ಸನ್ನಿವೇಶಗಳನ್ನು ಹೆಣೆದು, ಪರಿಸರಸ್ಥ ಬುದ್ಧಿಮತ್ತೆಯನ್ನು ಸಂಶೋಧನೆಯ ಗುರಿಯಾಗಿ ಸಾರಿತು. ಅವು ಪ್ರವಾಸಿಯ, ಪೇಟೆಯಲ್ಲಿ ಕೊಳ್ಳುವವರ, ಕಚೇರಿಯ ನೌಕರರ ಸನ್ನಿವೇಶಗಳಾಗಿದ್ದವೇ ಹೊರತು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಂಜುವ ಬೆಳೆಗಾರನಿಗೆ ಅವುಗಳಲ್ಲಿ ಜಾಗವಿರಲಿಲ್ಲ.

ಘಟ್ಟದ ಮೇಲಿನ ಈ ಸೀಮೆಯು ಹೊರಗಿನವರ ಲೆಕ್ಕಪುಸ್ತಕಕ್ಕೆ ಸೇರಿದ್ದು ಟಿಪ್ಪುವಿನ ಪತನದ ನಂತರ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕನನ್, 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳನ್ನು ಹಾದುಹೋದನು; ಅಡಿಕೆ ತೋಟಗಳ ಸಾಗುವಳಿ ಕ್ರಮವನ್ನು ಅವನು ವಿವರವಾಗಿ ಬರೆದಿಟ್ಟ ಪ್ರವಾಸಕಥನವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅವನ ಬರಹದಲ್ಲಿ ಒಂದು ಊರಿನ ಸ್ಥಾನವೆಂದರೆ ಹಿಂದಿನ ಬಿಡಾರದಿಂದ ಅದು ಎಷ್ಟು ದೂರ ಎಂಬ ಲೆಕ್ಕವಷ್ಟೇ. ಅದೇ 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಮೊದಲ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದಿದ್ದನು. ಆಧಾರರೇಖೆಯೆಂದರೆ ಅತಿ ನಿಖರವಾಗಿ ಅಳೆದ ಒಂದು ನೇರ ಗೆರೆ. ಅದರ ಎರಡು ತುದಿಗಳಿಂದ ದೂರದ ಬೆಟ್ಟದ ತುದಿಯೊಂದಕ್ಕೆ ಕೋನ ಹಿಡಿದರೆ, ಉಳಿದ ದೂರಗಳನ್ನು ನಡೆದು ಅಳೆಯದೆ ಗಣಿತದಿಂದಲೇ ತಿಳಿಯಬಹುದು. ಗೊತ್ತಿರುವ ಸ್ಥಾನಗಳಿಂದ ಗೊತ್ತಿಲ್ಲದ ಸ್ಥಾನವನ್ನು ಲೆಕ್ಕ ಹಾಕುವ ಈ ತತ್ತ್ವವೇ, ಕೋನದ ಬದಲು ದೂರವನ್ನು ಅಳೆಯುವ ರೂಪದಲ್ಲಿ, ಇಂದಿನ ಉಪಗ್ರಹ ಪಥದರ್ಶನಕ್ಕೂ ಬುನಾದಿಯಾಗಿದೆ.

ಆದರೆ ರೈತನ ಬದುಕನ್ನು ತಟ್ಟಿದ್ದು ಲ್ಯಾಂಬ್ಟನ್ನನ ತ್ರಿಕೋನಗಳಲ್ಲ, ಕಂದಾಯದ ಮೋಜಣಿ. ಮದರಾಸು ಆಧಿಪತ್ಯದಲ್ಲಿದ್ದ ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿದ ಬಳಿಕ, ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ರೂಪಿಸಿದ ಮುಂಬಯಿ ಪದ್ಧತಿಯ ಸರ್ವೆಯು ಇಲ್ಲಿಗೂ ಬಂದಿತು. ಆ ಪದ್ಧತಿಯಲ್ಲಿ ಊರಿನ ಪ್ರತಿಯೊಂದು ತುಂಡು ನೆಲಕ್ಕೂ ಒಂದು ಸರ್ವೆ ನಂಬರು, ಅದರ ಮೂಲೆಗಳಿಗೆ ಬಾಂದುಕಲ್ಲು, ಒಡೆದು ಹಂಚಿಕೊಂಡರೆ ಹಿಸ್ಸಾ ನಂಬರು. ಅಳತೆಯ ಸರಪಳಿ 33 ಅಡಿ ಉದ್ದವಿದ್ದು 16 ಆಣೆಗಳಾಗಿ ಭಾಗವಾಗಿತ್ತು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ರಾಜ್ಯ ಬದಲಾಗಿ, ನಾಣ್ಯ ಬದಲಾಗಿ, ಮೆಟ್ರಿಕ್ ಮಾಪನ ಬಂದ ಮೇಲೂ ಗಣಕೀಕೃತ ಪಹಣಿಯ ವಿಸ್ತೀರ್ಣದ ಅಂಕಣದಲ್ಲಿ ಎಕರೆ, ಗುಂಟೆ, ಆಣೆಗಳೇ ಅಚ್ಚಾಗುತ್ತಿವೆ.

ಇಲ್ಲಿಯ ಮೋಜಣಿಗೆ ಬಯಲುಸೀಮೆಯಲ್ಲಿ ಇಲ್ಲದ ತೊಡಕೊಂದಿತ್ತು. ಕಣಿವೆಯ ತಳದ ಅಡಿಕೆ ತೋಟವು ಸುತ್ತಲಿನ ಗುಡ್ಡದ ಸೊಪ್ಪು, ದರಕು (ಉದುರಿದ ಒಣ ಎಲೆ) ಇಲ್ಲದೆ ಬದುಕಲಾರದು. ಆದ್ದರಿಂದ ತೋಟದ ಒಡೆಯನಿಗೆ ಗೊಬ್ಬರಕ್ಕೆ ಸೊಪ್ಪು ಕಡಿಯುವ ಹಕ್ಕುಳ್ಳ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಡುವ ವ್ಯವಸ್ಥೆ ಬೆಳೆದು, ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟವೆಂಬ ಪ್ರಮಾಣ ರೂಢಿಗೆ ಬಂದಿತು. ಬೆಟ್ಟವು ಪೂರ್ತಿ ಖಾಸಗಿಯಲ್ಲ, ಪೂರ್ತಿ ಸರ್ಕಾರದ್ದೂ ಅಲ್ಲ. ಬಳಸುವ ಹಕ್ಕು ಒಬ್ಬರದು, ನೆಲ ಇನ್ನೊಬ್ಬರದು. ಹೀಗೆ ಹಕ್ಕುಗಳು ಒಂದರ ಮೇಲೊಂದು ಹಾಸಿಕೊಂಡಿರುವ ಭೂಮಿಯನ್ನು ಒಂದೇ ಬಣ್ಣದ ಚೌಕಟ್ಟಿನೊಳಗೆ ತೋರಿಸುವುದು ಕಾಗದದ ನಕ್ಷೆಗೂ ಕಷ್ಟವಾಗಿತ್ತು, ಪರದೆಯ ನಕ್ಷೆಗೂ ಕಷ್ಟವಾಗಿದೆ.

ಊರನ್ನು ಗುರುತಿಸುವ ಇನ್ನೊಂದು ಸಾಧನ ಅಂಚೆಯದು. ಹೇರೂರು ಎಂಬ ಹೆಸರಿನ ಊರು ಸಿದ್ದಾಪುರ ತಾಲೂಕಿನಲ್ಲಿರುವಂತೆ ಉಡುಪಿ ಜಿಲ್ಲೆಯ ಬ್ರಹ್ಮಾವರದ ಬಳಿಯೂ ಇದೆ, ಗಂಗಾವತಿ ತಾಲೂಕಿನಲ್ಲಿಯೂ ಇದೆ. ಸಿದ್ದಾಪುರ ಎಂಬ ಹೆಸರಂತೂ ಕೊಡಗಿನಲ್ಲಿ, ಕುಂದಾಪುರದ ಕಡೆಯಲ್ಲಿ ಮತ್ತೆ ಸಿಗುತ್ತದೆ. ದೇಶದಾದ್ಯಂತ ಇದ್ದ ಈ ಗೊಂದಲವನ್ನು ನೀಗಲು ಶ್ರೀರಾಮ ಭಿಕಾಜಿ ವೇಲಣಕರ್ ಅವರು ರೂಪಿಸಿದ ಆರು ಅಂಕಿಗಳ ಪಿನ್ ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂದು, ಶಿರಸಿಗೆ 581401, ಸಿದ್ದಾಪುರಕ್ಕೆ 581355 ಎಂಬ ಸಂಖ್ಯೆಗಳು ದೊರೆತವು. ಪಿನ್ ಕೋಡ್ ಅಂಚೆ ಕಚೇರಿಯನ್ನು ಗುರುತಿಸುತ್ತದೆಯೇ ವಿನಾ ಮನೆಯನ್ನಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ನಡುವೆ ತೋಟ, ಗದ್ದೆ, ಹೊಳೆ ಅಡ್ಡವಿರುವ ಸೀಮೆಯಲ್ಲಿ ಕೊನೆಯ ಮೈಲಿಯ ಜ್ಞಾನವು ಪೋಸ್ಟ್‌ಮ್ಯಾನ್‌ನ ನೆನಪಿನಲ್ಲಿಯೇ ಉಳಿಯಿತು. ಈಚೆಗೆ 2025ರಲ್ಲಿ ಅಂಚೆ ಇಲಾಖೆ ಹೊರತಂದ ಡಿಜಿಪಿನ್, ದೇಶವನ್ನು ಸುಮಾರು 4 ಮೀಟರ್ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಹತ್ತು ಅಕ್ಷರ–ಅಂಕಿಗಳ ಸಂಕೇತ ಕೊಡುವ ಮೂಲಕ ಆ ಕೊರತೆಯನ್ನು ತುಂಬಲು ಹೊರಟಿದೆ.

ಸ್ಥಾನ ತಿಳಿದರೆ ಸಾಲದು, ಅದನ್ನು ಸಾಗಿಸುವ ತಂತಿಯೋ ತರಂಗವೋ ಬೇಕು. ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು, ಹವಾನಿಯಂತ್ರಣವಿಲ್ಲದೆ ಧೂಳು ಮತ್ತು ಸೆಕೆಯಲ್ಲಿ ಕೆಲಸ ಮಾಡಬಲ್ಲ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿ, ಮೊದಲನೆಯದನ್ನು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಅಳವಡಿಸಿತು. ಇಂಥ ಕೇಂದ್ರಗಳ ಮೂಲಕ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಿಗೆ ಸ್ಥಿರ ದೂರವಾಣಿ ಬಂದಿತು. ಮೊಬೈಲಿನ ಪ್ರವೇಶ ಅಷ್ಟು ಸುಲಭವಾಗಿರಲಿಲ್ಲ. ಬಯಲಿನಲ್ಲಿ ಒಂದು ಗೋಪುರ ತಲುಪುವಷ್ಟು ದೂರವನ್ನು ಇಲ್ಲಿ ಎರಡು ದಿಬ್ಬಗಳು ತಡೆದುಬಿಡುತ್ತವೆ. ಕೊರೋನಾ ಕಾಲದಲ್ಲಿ ಈ ಭಾಗದ ವಿದ್ಯಾರ್ಥಿಗಳು ಆನ್‌ಲೈನ್ ತರಗತಿಗಾಗಿ ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿ ಹೋಗುತ್ತಿದ್ದುದು ನಾಡಿನ ಸುದ್ದಿಯಾಗಿತ್ತು. ತಾಂತ್ರಿಕವಾಗಿ ನೋಡಿದರೆ ಇದರಲ್ಲೊಂದು ವಿಚಿತ್ರವಿದೆ: ಉಪಗ್ರಹದ ಸಂಕೇತಕ್ಕೆ ಗೋಪುರ ಬೇಡವಾದ್ದರಿಂದ ಫೋನಿಗೆ ತಾನಿರುವ ಅಕ್ಷಾಂಶ, ರೇಖಾಂಶ ತಿಳಿದಿರುತ್ತದೆ, ಆದರೆ ಆ ಅಂಕಿಗಳನ್ನು ಇಟ್ಟು ತೋರಿಸಬೇಕಾದ ನಕ್ಷೆ ಇಳಿದು ಬರುವುದಿಲ್ಲ.

ಉಪಗ್ರಹ ಪಥದರ್ಶನದ ವಿಷಯದಲ್ಲಿ ಕರ್ನಾಟಕವು ಬಳಕೆದಾರ ಮಾತ್ರವಲ್ಲ, ಕಾರ್ಯಾಗಾರವೂ ಹೌದು. ಅಮೆರಿಕದ ಜಿಪಿಎಸ್ ವ್ಯವಸ್ಥೆಯು ನಾಗರಿಕರಿಗೆ ಕೊಡುತ್ತಿದ್ದ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಬೆರೆಸಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆದುಹಾಕಿದ ಮೇಲೆ, ಸುಮಾರು 100 ಮೀಟರ್‌ವರೆಗೆ ಇದ್ದ ತಪ್ಪು ಹತ್ತಿಪ್ಪತ್ತು ಮೀಟರ್‌ಗಳಿಗೆ ಇಳಿಯಿತು. ಪರದೇಶದ ಸೇನೆಯ ಹಿಡಿತದಲ್ಲಿರುವ ವ್ಯವಸ್ಥೆಯನ್ನೇ ನೆಚ್ಚಿಕೊಳ್ಳಬಾರದೆಂದು ಇಸ್ರೋ ಕಟ್ಟಿದ ನಾವಿಕ್ ಸರಣಿಯ ಮೊದಲ ಉಪಗ್ರಹ 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ಕಕ್ಷೆ ಸೇರಿದವು. ಅದರ ಪಥದರ್ಶನ ಕೇಂದ್ರವು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿದೆ. ವಿಮಾನಗಳಿಗಾಗಿ ಜಿಪಿಎಸ್ ಸಂಕೇತವನ್ನು ತಿದ್ದಿಕೊಡುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಇಂಥ ತಿದ್ದುಪಡಿ ಭಾರತಕ್ಕೆ ಹೆಚ್ಚು ಅಗತ್ಯ, ಏಕೆಂದರೆ ಸಮಭಾಜಕ ವೃತ್ತದ ಸಮೀಪದ ಆಕಾಶದಲ್ಲಿ ವಿದ್ಯುದಾವಿಷ್ಟ ಕಣಗಳ ಪದರವು ದಿನದ ಹೊತ್ತಿಗೆ ತಕ್ಕಂತೆ ತೀವ್ರವಾಗಿ ಏರಿಳಿದು ಸಂಕೇತವನ್ನು ತಡವಾಗಿಸುತ್ತದೆ.

ಇತ್ತ ನೆಲದ ದಾಖಲೆಯೂ ಗಣಕಕ್ಕೆ ಏರುತ್ತಿತ್ತು. ಕೈಬರಹದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯು 2000ದ ದಶಕದ ಆರಂಭದಲ್ಲಿ ತಾಲೂಕು ಕೇಂದ್ರಗಳಲ್ಲಿ ನೆಲೆಗೊಂಡಿತು. 2014ರ ಡಿಸೆಂಬರ್ 8ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು ಕರ್ನಾಟಕ ಮೊಬೈಲ್ ಒನ್ ವೇದಿಕೆಯನ್ನು ಉದ್ಘಾಟಿಸಿದಾಗ ಸರ್ಕಾರದ ಸೇವೆ ಅಂಗೈಗೆ ಬಂದಂತಾಯಿತಾದರೂ, ಆ ಸೇವೆಗಳ ಬಹುಪಾಲು ಬಳಕೆದಾರನ ಜಾಗವನ್ನು ಕೇಳುವ ಬಗೆಯವಾಗಿರಲಿಲ್ಲ. ಜಾಗವನ್ನೇ ಪ್ರಶ್ನೆಯನ್ನಾಗಿ ಮಾಡಿದ್ದು, 1986ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯ ಕೇಂದ್ರವು ಕಂದಾಯ ಇಲಾಖೆಗಾಗಿ ರೂಪಿಸಿದ ದಿಶಾಂಕ್ ಆ್ಯಪ್. ಬಳಸುವವರು ನಿಂತಿರುವ ನೆಲದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಅದಕ್ಕಾಗಿ ಹಳೆಯ ಗ್ರಾಮ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಉಪಗ್ರಹ ಚಿತ್ರದ ಮೇಲೆ ಕೂರಿಸಲಾಗಿದೆ. ಆ ನಕ್ಷೆಗಳ ಪ್ರಮಾಣ ಸಾಮಾನ್ಯವಾಗಿ 1:7920, ಅಂದರೆ ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. ಲೇಖನಿಯ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನಾಲ್ಕು ಮೀಟರ್ ಅಗಲದ ನೆಲವನ್ನು ನುಂಗುತ್ತದೆ. ಅಡಿಕೆ ಮರಗಳ ಎರಡು ಸಾಲು ಅದರಲ್ಲಿ ಅಡಗಬಹುದು. ಇಂಥ ನಕ್ಷೆಯನ್ನು ದಾರಿ ತಿಳಿಯಲು ಬಳಸುವುದು ಒಂದು ಮಾತು, ಬೇಲಿ ಹಾಕಲು ಬಳಸುವುದು ಇನ್ನೊಂದು ಮಾತು.

ಈ ಸೀಮೆಯಲ್ಲಿ ಸ್ಥಾನಸೂಚಿ ತಂತ್ರಜ್ಞಾನದ ಪರಿಚಯ ಜನಸಾಮಾನ್ಯರಿಗೆ ಆದದ್ದು ದಾರಿ ಹುಡುಕುವಾಗಲ್ಲ, ಅರಣ್ಯ ಹಕ್ಕು ಕಾಯ್ದೆಯ ಮೂಲಕ. 2006ರ ಆ ಕಾಯ್ದೆಯ ನಿಯಮಗಳು 2008ರ ಜನವರಿ 1ರಂದು ಪ್ರಕಟವಾದವು. 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅರಣ್ಯಭೂಮಿಯನ್ನು ಸಾಗುವಳಿ ಮಾಡುತ್ತಿದ್ದವರು, ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಿ, 4 ಹೆಕ್ಟೇರ್ ಮೀರದಂತೆ ಹಕ್ಕು ಕೇಳಬಹುದಾಯಿತು. ದಾಖಲೆಯಲ್ಲಿ ಬಹುಪಾಲು ಅರಣ್ಯವೇ ಆಗಿರುವ ಉತ್ತರ ಕನ್ನಡದಲ್ಲಿ ಹತ್ತಾರು ಸಾವಿರ ಅರ್ಜಿಗಳು ಬಿದ್ದವು, ಅತಿಕ್ರಮಣವೆಂದು ಕರೆಯಲಾದ ತುಂಡುಗಳನ್ನು ಗುರುತಿಸಲು ಕೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣಗಳು ಬಂದವು, ‘ಜಿಪಿಎಸ್ ಆಗಿದೆಯೋ ಇಲ್ಲವೋ’ ಎಂಬುದು ಅರ್ಜಿದಾರರ ನಡುವಿನ ಮೊದಲ ವಿಚಾರಣೆಯಾಯಿತು. ಅಳತೆ ಅಸಮರ್ಪಕವಾಗಿದೆ, ಮತ್ತೊಮ್ಮೆ ಮಾಡಬೇಕು ಎಂಬ ಬೇಡಿಕೆ ಶಿರಸಿ, ಸಿದ್ದಾಪುರಗಳ ಹೋರಾಟದ ಸಭೆಗಳಲ್ಲಿ ವರ್ಷಗಟ್ಟಲೆ ಕೇಳಿಬಂದಿದೆ.

ಆ ಬೇಡಿಕೆಯ ಹಿಂದೆ ಗಟ್ಟಿಯಾದ ಗಣಿತವಿದೆ. ದಟ್ಟ ಮರಗಳ ಕೆಳಗೆ, ಕಡಿದಾದ ಕಣಿವೆಯಲ್ಲಿ ಉಪಕರಣಕ್ಕೆ ಕಾಣುವ ಉಪಗ್ರಹಗಳು ಕಡಿಮೆ. ಕಂಡ ಸಂಕೇತವೂ ಎಲೆ, ಕಾಂಡ, ದಿಬ್ಬಗಳಿಗೆ ಬಡಿದು ಸುತ್ತಿ ಬರುತ್ತದೆ. ಹತ್ತು ಗುಂಟೆಯ ಚೌಕ ನೆಲದ ಒಂದು ಬದಿ ಸುಮಾರು 32 ಮೀಟರ್. ಅದರ ಪ್ರತಿಯೊಂದು ಗಡಿಯೂ ಐದೇ ಮೀಟರ್ ಒಳಕ್ಕೆ ಸರಿದು ದಾಖಲಾದರೆ ವಿಸ್ತೀರ್ಣವು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಪ್ರವಾಸಿಗೆ ಲೆಕ್ಕಕ್ಕೇ ಬಾರದ ಐದು ಮೀಟರ್, ಸಣ್ಣ ಹಿಡುವಳಿದಾರನಿಗೆ ಅರ್ಧ ಜಮೀನು. ಶಾಸನ ರೂಪಿಸಿದವರಿಗೂ ಇದರ ಅರಿವಿತ್ತೆಂದು ತೋರುತ್ತದೆ: 2012ರ ತಿದ್ದುಪಡಿ ನಿಯಮಗಳು ಉಪಗ್ರಹ ಚಿತ್ರ ಮತ್ತಿತರ ತಂತ್ರಜ್ಞಾನವು ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಸ್ಥಾನವನ್ನು ಆಕ್ರಮಿಸಲಾಗದು ಎಂದು ಸ್ಪಷ್ಟವಾಗಿ ಹೇಳಿವೆ. ಯಂತ್ರದ ಮಾತಿಗೆ ಮಿತಿ ಹಾಕಿದ ಇಂಥ ಕಾನೂನು ಅಪರೂಪ. ಹಳೆಯ ಮನೆಯ ಅಡಿಪಾಯ, ಬಾವಿ, ಊರಿನ ಹಿರಿಯರ ಹೇಳಿಕೆ ಅಕ್ಷಾಂಶ–ರೇಖಾಂಶಗಳಷ್ಟೇ ತೂಕದ ಸಾಕ್ಷ್ಯಗಳೆಂದು ಅದು ಒಪ್ಪಿಕೊಂಡಿದೆ.

ಕಳೆದ ದಶಕದಲ್ಲಿ ಸ್ಥಾನದ ಪುರಾವೆಯನ್ನು ಕೇಳದ ಇಲಾಖೆಯೇ ವಿರಳವಾಗಿದೆ. ಉದ್ಯೋಗ ಖಾತ್ರಿಯ ಕೂಲಿಕಾರರ ಹಾಜರಿಯನ್ನು ಸ್ಥಳಾಂಕಿತ ಚಿತ್ರದೊಂದಿಗೆ ದಾಖಲಿಸುವ ಆ್ಯಪ್ 2021ರಲ್ಲಿ ಆರಂಭವಾಗಿ 2023ರ ಜನವರಿ 1ರಿಂದ ಕಡ್ಡಾಯವಾಯಿತು. 2017ರಿಂದ ರಾಜ್ಯದಲ್ಲಿ ನಡೆದಿರುವ ಮೊಬೈಲ್ ಆಧಾರಿತ ಬೆಳೆ ಸಮೀಕ್ಷೆಯಲ್ಲಿ ಪ್ರತಿ ಹಿಸ್ಸಾದ ಬೆಳೆಯನ್ನು ಸ್ಥಳದಲ್ಲೇ ಚಿತ್ರ ತೆಗೆದು ಸೇರಿಸಬೇಕು. 2020ರಿಂದ ರೈತರೇ ಅದನ್ನು ಮಾಡಲು ಅವಕಾಶ ದೊರೆಯಿತು. ರಾಗಿಯ ಹೊಲಕ್ಕೆ ಒಗ್ಗುವ ಈ ಕ್ರಮ ಮಲೆನಾಡಿನ ತೋಟಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಮೇಲೆ ಅಡಿಕೆ, ಅದರ ಕಾಂಡಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ನೆರಳಿನಲ್ಲಿ ಏಲಕ್ಕಿ ಇರುವ ನೆಲದಲ್ಲಿ ಬೆಳೆ ಯಾವುದೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಉಪಬೆಳೆ ಪಹಣಿಗೆ ಇಳಿಯದೆ ಹೋದರೆ ಅದರ ಮೇಲಿನ ವಿಮೆಗೂ ಪರಿಹಾರಕ್ಕೂ ತೊಡಕಾಗುತ್ತದೆ. ಸ್ಥಾನವು ಪ್ರಾಣದ ಪ್ರಶ್ನೆಯಾಗುವ ಸಂದರ್ಭವೂ ಇದೆ: 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರ ತಾಲೂಕಿನಲ್ಲಿಯೂ ಜೀವಗಳನ್ನು ಬಲಿ ತೆಗೆದುಕೊಂಡಿದ್ದು, ಮಂಗ ಸತ್ತ ಜಾಗವನ್ನು ಬೇಗನೆ ಗುರುತಿಸಿ ಕಾಯಿಲೆ ಹರಡುವ ಸುತ್ತಲಿನ ಉಣುಗುಗಳನ್ನು ನಿವಾರಿಸುವುದು ಅದರ ಹತೋಟಿಯ ಮುಖ್ಯ ಕ್ರಮಗಳಲ್ಲಿ ಒಂದು.

ಪರಿಸರಸ್ಥ ಬುದ್ಧಿಮತ್ತೆಯೆಂಬ ಹೆಸರಿಗೆ ನಿಜವಾಗಿ ಹೊಂದುವ ವ್ಯವಸ್ಥೆ ಇಲ್ಲಿ ಒಂದೇ. ಅದು ಮಳೆಮಾಪಕಗಳ ಜಾಲ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸೌರಶಕ್ತಿಯಿಂದ ನಡೆಯುವ ದೂರಮಾಪಕ ಯಂತ್ರಗಳನ್ನು ಮೊದಲು ಹೋಬಳಿಗಳಲ್ಲಿ, ಬಳಿಕ ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟಿತು. ರಾಜ್ಯದಾದ್ಯಂತ 6,000ಕ್ಕೂ ಹೆಚ್ಚಿರುವ ಈ ಯಂತ್ರಗಳು 15 ನಿಮಿಷಗಳಿಗೊಮ್ಮೆ ಮಳೆಯ ಲೆಕ್ಕವನ್ನು ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಕಳಿಸುವಂತೆ ರೂಪುಗೊಂಡಿವೆ. ಯಾರೂ ಗುಂಡಿ ಒತ್ತಬೇಕಿಲ್ಲ, ಯಾರೂ ಓದಬೇಕಿಲ್ಲ.

ಅಡಿಕೆ ಬೆಳೆಗಾರನಿಗೆ ಈ ಲೆಕ್ಕ ಮುಖ್ಯವಾಗುವುದು ಕೊಳೆರೋಗದಿಂದಾಗಿ. ಬಿಡದೆ ಸುರಿಯುವ ಮಳೆ ಮತ್ತು ತೇವದಲ್ಲಿ ಎಳೆ ಕಾಯಿಗಳನ್ನು ಕೊಳೆಸಿ ಉದುರಿಸುವ ಈ ರೋಗಕ್ಕೆ ಫೈಟೋಫ್ತೊರಾ ಎಂಬ ಶಿಲೀಂಧ್ರಸದೃಶ ಜೀವಿ ಕಾರಣವೆಂಬುದನ್ನು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ನಿರೂಪಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅದಕ್ಕೂ ಮೊದಲು, ಮತ್ತು ಎಷ್ಟೋ ಕಾಲ ಅದರ ಜೊತೆಜೊತೆಗೇ, ಅಡಿಕೆಯ ಗೊಂಚಲಿಗೆ ಕೊಟ್ಟೆಯೆಂಬ ಹೊದಿಕೆ ಕಟ್ಟಿ ಮಳೆಯಿಂದ ಮರೆಮಾಡುವ ಪದ್ಧತಿಯಿತ್ತು. ಮದ್ದು ಹೊಡೆಯಲು ಮಳೆ ಹೊಳವಾಗಬೇಕು, ಮರ ಹತ್ತುವ ಕೊನೆಗೌಡ ಸಿಗಬೇಕು. ಎರಡೂ ಒಟ್ಟಿಗೆ ಕೂಡಿಬರದ ವರ್ಷಗಳಲ್ಲಿ ನಷ್ಟ ಖಚಿತ. ಆ ನಷ್ಟಕ್ಕಾಗಿ 2016ರಲ್ಲಿ ಪುನಾರಚನೆಗೊಂಡ ಹವಾಮಾನ ಆಧಾರಿತ ಬೆಳೆ ವಿಮೆಯು ಅಡಿಕೆ ಮತ್ತು ಕಾಳುಮೆಣಸಿಗೆ ಗ್ರಾಮ ಪಂಚಾಯಿತಿಯನ್ನು ಘಟಕವಾಗಿ ಇಟ್ಟುಕೊಂಡಿದೆ. ಇದರ ವೈಶಿಷ್ಟ್ಯವೆಂದರೆ ಯಾರೂ ತೋಟಕ್ಕೆ ಬಂದು ಉದುರಿದ ಕಾಯಿ ನೋಡುವುದಿಲ್ಲ. ಗೊತ್ತುಪಡಿಸಿದ ಅವಧಿಯಲ್ಲಿ ಆ ಪಂಚಾಯಿತಿಯ ಮಾಪಕ ದಾಖಲಿಸಿದ ಮಳೆ ಮತ್ತಿತರ ಹವಾಮಾನ ಅಂಕಿಗಳು ಕರಾರಿನ ಮಿತಿಯನ್ನು ದಾಟಿದರೆ ಪರಿಹಾರ, ದಾಟದಿದ್ದರೆ ಇಲ್ಲ.

ಹೀಗಾಗಿ ಮಾಪಕ ಎಲ್ಲಿ ನಿಂತಿದೆ ಎಂಬುದೇ ತೋಟ ಎಲ್ಲಿದೆ ಎಂಬುದಕ್ಕಿಂತ ಮುಖ್ಯವಾಗುತ್ತದೆ. ಘಟ್ಟದಂಚಿನ ನಿಲ್ಕುಂದದ ಮಳೆಗೂ ಪೂರ್ವದ ಬನವಾಸಿಯ ಮಳೆಗೂ ಅಜಗಜಾಂತರವಿರುವ ಸೀಮೆಯಲ್ಲಿ, ಒಂದೇ ಪಂಚಾಯಿತಿಯ ಎರಡು ಮಜರೆಗಳ ನಡುವೆಯೂ ಒಂದು ದಿಬ್ಬ ಅಡ್ಡ ನಿಂತು ಮೋಡವನ್ನು ಹಂಚಿಬಿಡುತ್ತದೆ. ಯಂತ್ರದ ಕೊಳವೆಗೆ ಎಲೆ, ಕಸ ತುಂಬಿಕೊಂಡರೆ ಅಥವಾ ಸುತ್ತ ಗಿಡ ಬೆಳೆದರೆ ಮಳೆ ಕಡಿಮೆಯೆಂದು ದಾಖಲಾಗುತ್ತದೆ. ಮುಖ್ಯ ಮಾಪಕದ ಅಂಕಿ ಸಿಗದಾಗ ಬದಲಿ ಮಾಪಕದ ಅಂಕಿಯನ್ನು ಪರಿಗಣಿಸುವ ಏರ್ಪಾಡಿದ್ದು, ಅದು ಗುಡ್ಡದಾಚೆಯ ಇನ್ನೊಂದು ಪಂಚಾಯಿತಿಯದಾಗಿರಬಹುದು. ತೋಟದ ಮನೆಗಳಲ್ಲಿ ಸ್ವಂತ ಮಳೆಮಾಪಕ ಇಟ್ಟು ದಿನವೂ ಬೆಳಿಗ್ಗೆ ಇಂಚು, ಸೆಂಟು ಬರೆದಿಡುವವರು ಈ ಸೀಮೆಯಲ್ಲಿ ಅನೇಕರಿದ್ದಾರೆ. ಅರಣ್ಯ ಹಕ್ಕಿನ ನಿಯಮಗಳು ಹಿರಿಯರ ಮಾತಿಗೆ ಕೊಟ್ಟ ಮನ್ನಣೆಯನ್ನು ವಿಮೆಯ ಕರಾರು ಈ ದಿನಚರಿಗಳಿಗೆ ಕೊಟ್ಟಿಲ್ಲ; ವಿಮೆಗೆ ಹೆಸರು ನೋಂದಾಯಿಸುವ ಸೇವಾ ಸಹಕಾರಿ ಸಂಘಗಳ ಮೂಲಕವೇ ಮಾಪಕಗಳ ಸಂಖ್ಯೆ, ಜಾಗ ಮತ್ತು ನಿರ್ವಹಣೆಯ ಕುರಿತ ತಕರಾರುಗಳು ಜಿಲ್ಲಾಡಳಿತಕ್ಕೆ ತಲುಪುತ್ತಿವೆ.